ಕೋಸು ಬಿಡುವ ಮೊದಲು ಉಪ್ಪಿನ ಡಬ್ಬಿ ನೋಡು

ತಂಗಿ ಮಲೆನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಸಂಸಾರ ಹೂಡಿದವಳು. ಅಕ್ಕ ವೈದ್ಯೆ. ತಂಗಿಯ ರಕ್ತಪರೀಕ್ಷೆಯ ವರದಿ ಬಂದ ವಾರದ ಮಾತುಕತೆ ಇದು.

ತಂಗಿ: ಬಿಡಬೇಕಾದ ಪದಾರ್ಥಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ, ಕೇಳು. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ, ಸೋಯಾ, ಕಡಲೆಕಾಯಿ, ಗೆಣಸು, ರಾಗಿ, ಸಜ್ಜೆ, ಗೋಧಿ, ಹಾಲು. ಒಬ್ಬೊಬ್ಬರು ಒಂದೊಂದು ಹೇಳಿದರು. ಇಷ್ಟನ್ನೂ ಬಿಟ್ಟರೆ ತಟ್ಟೆಯಲ್ಲಿ ಅನ್ನ, ತಿಳಿಸಾರು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಅಕ್ಕ: ಮಾತ್ರೆ ಶುರು ಮಾಡಿದೆಯಾ?

ತಂಗಿ: ಇನ್ನೂ ಇಲ್ಲ. ಮೂರು ತಿಂಗಳು ಪಥ್ಯ ಮಾಡಿ ನೋಡೋಣ, ತಾನಾಗಿ ಇಳಿದರೆ ಮಾತ್ರೆಯ ಗೊಡವೆಯೇ ಬೇಡ ಅಂದುಕೊಂಡೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಂತಲ್ಲ.

ಅಕ್ಕ: ವರದಿ ಕೊಡು ಇಲ್ಲಿ. ಟಿಎಸ್‌ಎಚ್ 38. ಫ್ರೀ ಟಿ4 ಕೆಳಗಿದೆ. ಟಿಪಿಒ ಪ್ರತಿಕಾಯಗಳು ತುಂಬಾ ಹೆಚ್ಚಿವೆ. ಇದು ಪಥ್ಯದಿಂದ ಇಳಿಯುವ ಸಂಖ್ಯೆಯಲ್ಲ, ಇವತ್ತೇ ಮಾತ್ರೆ ಶುರುವಾಗಬೇಕು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆಯೇ ಟಿಎಸ್‌ಎಚ್. ಕುತ್ತಿಗೆಯ ಗ್ರಂಥಿ ಕೆಲಸ ಮಾಡದಿದ್ದಷ್ಟೂ ಮೇಲಿನ ಆಜ್ಞೆ ಜೋರಾಗುತ್ತದೆ. ಸುಮಾರು ನಾಲ್ಕರೊಳಗೆ ಇರಬೇಕಾದದ್ದು 38ಕ್ಕೆ ಹೋಗಿದೆ ಎಂದರೆ ಗ್ರಂಥಿ ಬಹಳ ದಿನದಿಂದ ಸೋತಿದೆ. ಪ್ರತಿಕಾಯಗಳು ಕಾರಣ ಹೇಳುತ್ತಿವೆ: ನಿನ್ನ ದೇಹದ ರಕ್ಷಣಾ ವ್ಯವಸ್ಥೆಯೇ ನಿನ್ನ ಥೈರಾಯ್ಡಿನ ಮೇಲೆ ಬಿದ್ದಿದೆ. 1912ರಲ್ಲಿ ಜಪಾನಿನ ಹಶಿಮೊಟೊ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದ, ಹಾಗಾಗಿ ಕಾಯಿಲೆಗೆ ಅವನ ಹೆಸರೇ ನಿಂತಿದೆ. ನೀನು ಏನೋ ತಿಂದದ್ದರಿಂದ ಬಂದದ್ದಲ್ಲ ಇದು.

ತಂಗಿ: ಆದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಏನು ತಿಂತಿದ್ದೆ, ಯಾಕೆ ಇಷ್ಟು ದಪ್ಪಗಾದೆ, ಯಾಕೆ ಮಧ್ಯಾಹ್ನ ಮಲಗುತ್ತೀಯ ಅಂತ.

ಅಕ್ಕ: ಅದು ನನಗೆ ಸಂಕಟ ತರುವ ವಿಷಯ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಎಷ್ಟೋ ಪಟ್ಟು ಹೆಚ್ಚು. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ ನಡೆಸಿದ ಒಂದು ಸಮೀಕ್ಷೆ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ವಯಸ್ಕರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ ಥೈರಾಯ್ಡ್ ಕೊರತೆ ಕಂಡಿತು. ಅವರಲ್ಲಿ ಎಷ್ಟೋ ಜನರಿಗೆ ಅದು ಮೊದಲೇ ಗೊತ್ತಿರಲಿಲ್ಲ. ಅಂದರೆ ಸುಸ್ತು, ಮಲಬದ್ಧತೆ, ಒಣಚರ್ಮ, ಮುಟ್ಟಿನ ಏರುಪೇರು, ಮರೆವು, ಬೇಸಿಗೆಯಲ್ಲೂ ಚಳಿ ಎಲ್ಲವನ್ನೂ ಹೊತ್ತುಕೊಂಡು ಮನೆಗೆಲಸ ಮಾಡುತ್ತಲೇ ಇದ್ದರು. ಅವರ ಸುಸ್ತಿಗೆ ಮನೆಯವರು ಇಟ್ಟ ಹೆಸರು ಸೋಮಾರಿತನ.

ತಂಗಿ: ಹಾಗಾದರೆ ಊಟಕ್ಕೂ ಥೈರಾಯ್ಡಿಗೂ ಸಂಬಂಧವೇ ಇಲ್ಲವೇ? ನನಗೆ ನಂಬಿಕೆ ಬರುತ್ತಿಲ್ಲ.

ಅಕ್ಕ: ಇದೆ, ಬಹಳ ಇದೆ. ಜನ ಹುಡುಕುವ ಜಾಗದಲ್ಲಿ ಇಲ್ಲ ಅಷ್ಟೆ. ಥೈರಾಯ್ಡ್ ತಯಾರಿಸುವ ಹಾರ್ಮೋನು ಟಿ4. ಅದರ ಒಂದೊಂದು ಅಣುವಿನಲ್ಲೂ ಅಯೋಡಿನ್‌ನ ನಾಲ್ಕು ಪರಮಾಣುಗಳಿವೆ. ಟಿ3 ಅಂದರೆ ಅದರಲ್ಲಿ ಒಂದು ಕಳಚಿ ಮೂರು ಉಳಿದದ್ದು. ಅಯೋಡಿನ್ ಸಿಗದಿದ್ದರೆ ಹಾರ್ಮೋನೇ ಹುಟ್ಟುವುದಿಲ್ಲ, ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲೂ ಆಗದು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಗೆ, ಹಾಲೂಡಿಸುವ ತಾಯಿಗೆ 250. ಒಂದು ಗ್ರಾಮಿನ ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗ. ಅಷ್ಟು ಸಣ್ಣ ಪ್ರಮಾಣವೂ ಸಿಗದೆ ತಲೆಮಾರುಗಳೇ ಕುತ್ತಿಗೆ ಊದಿಸಿಕೊಂಡು ಬದುಕಿದ್ದವು.

ತಂಗಿ: ಗಳಗಂಡ.

ಅಕ್ಕ: ನೀನೂ ನೋಡಿರುತ್ತೀಯ.

ತಂಗಿ: ನೋಡದೆ ಏನು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿಗೆ ಕುತ್ತಿಗೆಯಲ್ಲಿ ದೊಡ್ಡ ಗಡ್ಡೆ ಇತ್ತು. ಸೆರಗನ್ನು ಎಳೆದು ಕುತ್ತಿಗೆಗೆ ಸುತ್ತಿಕೊಂಡೇ ನಾಟಿ ಮಾಡುತ್ತಿದ್ದಳು. ಮಕ್ಕಳು ಹಿಂದೆ ನಿಂತು ನಗುತ್ತಿದ್ದರು. ಬಾವಿ ನೀರಿನ ದೋಷ ಅಂತ ಹಿರಿಯರು ಹೇಳುತ್ತಿದ್ದರು.

ಅಕ್ಕ: ನೀರಿನ ದೋಷ ಎಂದವರು ಪೂರ್ತಿ ತಪ್ಪಿರಲಿಲ್ಲ. ವರ್ಷವರ್ಷವೂ ಹುಯ್ಯುವ ಭಾರಿ ಮಳೆ ಬೆಟ್ಟದ ಮಣ್ಣಿನಿಂದ ಅಯೋಡಿನ್ ತೊಳೆದು ಸಮುದ್ರಕ್ಕೆ ಒಯ್ಯುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಅಲ್ಲಿನ ನೀರಿನಲ್ಲೂ ಇಲ್ಲ, ಭತ್ತದಲ್ಲೂ ಇಲ್ಲ, ಅಲ್ಲೇ ಮೇಯ್ದ ದನದ ಹಾಲಿನಲ್ಲೂ ಕಡಿಮೆ. ಹಿಮಾಲಯದ ತಪ್ಪಲಿನಲ್ಲಿ ಇದು ಭೀಕರವಾಗಿತ್ತು, ನಮ್ಮ ಚಿಕ್ಕಮಗಳೂರು, ಕೊಡಗು ಕೂಡ ಗಳಗಂಡದ ಜಿಲ್ಲೆಗಳೆಂದೇ ಗುರುತಾಗಿದ್ದವು. ಕುತ್ತಿಗೆಯ ಗಡ್ಡೆ ಕಣ್ಣಿಗೆ ಕಾಣುವ ಭಾಗ ಮಾತ್ರ. ಕಾಣದ ಭಾಗ ಇನ್ನೂ ಘೋರ: ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಕಿವುಡುತನ, ಮಾತು ಬಾರದಿರುವುದು, ಕುಳ್ಳ ದೇಹ, ಬುದ್ಧಿಮಾಂದ್ಯ. ಆಮೇಲೆ ಎಷ್ಟು ಔಷಧ ಕೊಟ್ಟರೂ ಅದನ್ನು ತಿರುಗಿ ತರಲಾಗದು.

ತಂಗಿ: ಅದು ಹೋದದ್ದು ಹೇಗೆ? ಈಗ ಊರಲ್ಲಿ ಅಂಥ ಗಡ್ಡೆ ಕಾಣುವುದೇ ಇಲ್ಲ.

ಅಕ್ಕ: ಉಪ್ಪಿನಿಂದ. ಈ ಕಥೆಯನ್ನು ನಮ್ಮ ಶಾಲೆಗಳಲ್ಲಿ ಇನ್ನೂ ವಿವರವಾಗಿ ಹೇಳಿಕೊಡಬೇಕಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತವರ ತಂಡ ಕಾಂಗ್ರಾ ಕಣಿವೆಗೆ ಹೋಯಿತು. ಅಲ್ಲಿನ ಲಕ್ಷಕ್ಕೂ ಹೆಚ್ಚು ಜನರನ್ನು ಮೂರು ವಲಯ ಮಾಡಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು. ಕೆಲವೇ ವರ್ಷಗಳಲ್ಲಿ ಮೊದಲೆರಡು ವಲಯಗಳ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು, ಮೂರನೆಯದರಲ್ಲಿ ಹಾಗೇ ಉಳಿಯಿತು. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. ಅದರ ಬಲದ ಮೇಲೆ 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ನಮ್ಮ ದೇಶದ ವಿಜ್ಞಾನ ಸಾಮಾನ್ಯ ಜನರಿಗೆ ಮಾಡಿದ ಅತಿ ದೊಡ್ಡ ಉಪಕಾರಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ತಂಗಿ: ಈಗ ನಿನ್ನ ಎದುರು ಹೇಳಲು ಹಿಂಜರಿಕೆ. ಮನೆಯಲ್ಲಿ ವರ್ಷವಾಯಿತು, ಸೈಂಧವ ಲವಣಕ್ಕೆ ಬದಲಾಯಿಸಿದ್ದೇವೆ. ಗುಲಾಬಿ ಬಣ್ಣದ್ದು. ಪುಡಿ ಉಪ್ಪಿನಲ್ಲಿ ರಾಸಾಯನಿಕ ಇದೆ, ಥೈರಾಯ್ಡ್ ಬರುವುದೇ ಅದರಿಂದ ಅಂತ ಕೇಳಿದ್ದೆ.

ಅಕ್ಕ: ಅದಕ್ಕೇ ಪಟ್ಟಿ ಓದುವಾಗ ಸುಮ್ಮನೆ ಕೇಳುತ್ತಿದ್ದೆ. ಕೋಸು ಬಿಡುವ ಮಾತಾಡುವ ಮನೆಗಳಲ್ಲಿ ಉಪ್ಪು ಯಾವುದೆಂದು ಯಾರೂ ನೋಡುವುದಿಲ್ಲ. ಸೈಂಧವ ಲವಣದಲ್ಲಿ ಅಯೋಡಿನ್ ನಗಣ್ಯ. ಹರಳು ಕಲ್ಲುಪ್ಪಿನಲ್ಲೂ, ಪೊಟ್ಟಣದ ಮೇಲೆ ಅಯೋಡಿನ್‌ಯುಕ್ತ ಎಂದು ಬರೆದಿಲ್ಲದಿದ್ದರೆ, ಅದೇ ಕಥೆ. ಸಮುದ್ರದ ನೀರಿನಿಂದ ಮಾಡಿದ ಉಪ್ಪಾದರೆ ಅಯೋಡಿನ್ ತಾನಾಗಿ ಇರುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಬಿಸಿಲಿಗೆ ಉಪ್ಪು ಕಟ್ಟುವುದನ್ನು ನೋಡಿದವರಿಗೆ ಹಾಗೆ ಅನಿಸುವುದು ಸಹಜ. ಆದರೆ ನೀರು ಆರಿ ಉಪ್ಪು ಹರಳುಗಟ್ಟಿದಾಗ ಅಯೋಡಿನ್ ಅದರಲ್ಲಿ ಉಳಿಯುವುದು ಅತ್ಯಲ್ಪ. ಅದನ್ನು ಬೇರೆಯಾಗಿ ಬೆರೆಸಲೇಬೇಕು. ನಮ್ಮಲ್ಲಿ ಬೆರೆಸುವುದು ಪೊಟ್ಯಾಶಿಯಂ ಅಯೋಡೇಟ್, ನಮ್ಮ ಸೆಕೆಗೂ ಪಸೆಗೂ ಸ್ವಲ್ಪ ತಡೆದುಕೊಳ್ಳುತ್ತದೆ ಎಂಬ ಕಾರಣಕ್ಕೆ. ಅಂಗಡಿಯಿಂದ ನಿನ್ನ ಕೈಗೆ ಬರುವಾಗ ದಶಲಕ್ಷಕ್ಕೆ ಕನಿಷ್ಠ 15 ಭಾಗ ಇರಬೇಕೆಂಬುದು ನಿಯಮ. 15 ಎಂದರೆ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ. ಹತ್ತು ಗ್ರಾಂ ತಿಂದರೆ 150, ದಿನದ ಲೆಕ್ಕ ಅಲ್ಲಿಗೆ ಮುಗಿಯಿತು.

ತಂಗಿ: ಉಪ್ಪು ಕಡಿಮೆ ತಿನ್ನಿ, ಬಿಪಿ ಬರುತ್ತದೆ ಅಂತ ಹೇಳುವವರೂ ನೀವೇ.

ಅಕ್ಕ: ಅದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಎನ್ನುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ಉಪ್ಪು ಕಡಿಮೆ ಮಾಡು, ಆದರೆ ತಿನ್ನುವಷ್ಟು ಉಪ್ಪು ಅಯೋಡಿನ್‌ದೇ ಆಗಿರಲಿ. ಉಳಿದದ್ದು ಹಾಲು, ಮೊಸರು, ಮೊಟ್ಟೆಯಿಂದ ಬರುತ್ತದೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ, ಸಿಗಡಿ ಇದ್ದೇ ಇದೆ. ಇನ್ನೊಂದು ಸಂಗತಿ, ಉಪ್ಪನ್ನು ಎಲ್ಲಿಡುತ್ತೀಯ?

ತಂಗಿ: ಒಲೆಯ ಪಕ್ಕದಲ್ಲೇ, ಕೈಗೆ ಸಿಗಲಿ ಅಂತ. ಮುಚ್ಚಳ ತೆಗೆದೇ ಇರುತ್ತದೆ.

ಅಕ್ಕ: ಒಲೆಯ ಶಾಖ, ಕುಕ್ಕರಿನ ಹಬೆ, ಒದ್ದೆ ಚಮಚ, ಮೂರೂ ಸೇರಿ ಅಯೋಡಿನ್ ಹಾರಿಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ ಕಪಾಟಿನಲ್ಲಿಡು. ಸಾರು, ಪಲ್ಯಕ್ಕೆ ಕೊನೆಯಲ್ಲಿ ಉಪ್ಪು ಹಾಕು, ಕುದಿಯುವಾಗ ಆಗುವ ನಷ್ಟ ತಪ್ಪುತ್ತದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಹತ್ತಿರ ಪುಟ್ಟ ಪರೀಕ್ಷಾ ಸೀಸೆ ಇರುತ್ತದೆ. ಚಿಟಿಕೆ ಉಪ್ಪಿನ ಮೇಲೆ ಒಂದೆರಡು ಹನಿ ಬಿಟ್ಟರೆ, ಅಯೋಡಿನ್ ಇದ್ದಲ್ಲಿ ಉಪ್ಪು ಕಣ್ಣೆದುರೇ ನೇರಳೆ ಮಿಶ್ರಿತ ನೀಲಿಗೆ ತಿರುಗುತ್ತದೆ, ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಅದನ್ನು ಒಮ್ಮೆ ನೋಡಿದ ಹೆಂಗಸಿಗೆ ಮತ್ತೆ ಉಪದೇಶ ಬೇಕಾಗುವುದಿಲ್ಲ.

ತಂಗಿ: ಅಂದರೆ ಸೈಂಧವ ಲವಣ ಬಿಟ್ಟು ಹಳೆಯ ಉಪ್ಪಿಗೆ ಬಂದರೆ ನನ್ನ ಟಿಎಸ್‌ಎಚ್ ಇಳಿಯುತ್ತದಾ?

ಅಕ್ಕ: ಇಲ್ಲ. ನಿನ್ನದು ಅಯೋಡಿನ್ ಕೊರತೆಯ ಕಾಯಿಲೆಯಲ್ಲ, ಹಶಿಮೊಟೊ. ಮನೆಯ ಎಲ್ಲರಿಗಾಗಿ, ಮುಖ್ಯವಾಗಿ ಬೆಳೆಯುವ ಮಗಳಿಗಾಗಿ ಉಪ್ಪು ಬದಲಾಗಬೇಕು. ನಿನ್ನ ಗ್ರಂಥಿಗೆ ಬೇಕಾದದ್ದು ಮಾತ್ರೆ. ಹಾಗೆಂದು ಅಯೋಡಿನ್ ಒಳ್ಳೆಯದು ಅಂತ ಸಮುದ್ರಪಾಚಿಯ ಮಾತ್ರೆ, ಅಯೋಡಿನ್ ಹನಿಗಳನ್ನು ತರಿಸಬೇಡ. ಅತಿಯಾದ ಅಯೋಡಿನ್ ಬಂದಾಗ ಗ್ರಂಥಿ ಕೆಲಸ ನಿಲ್ಲಿಸುತ್ತದೆ ಎಂಬುದು 1948ರಿಂದಲೇ ಗೊತ್ತಿದೆ. ಆರೋಗ್ಯವಂತರ ಗ್ರಂಥಿ ಕೆಲವು ದಿನದಲ್ಲಿ ಚೇತರಿಸಿಕೊಳ್ಳುತ್ತದೆ, ಹಶಿಮೊಟೊ ಇರುವವರದು ಅಲ್ಲೇ ನಿಂತುಬಿಡಬಹುದು.

ತಂಗಿ: ಸರಿ, ಈಗ ಕೋಸಿಗೆ ಬಾ.

ಅಕ್ಕ: ಕೋಸಿನ ಜಾತಿಯಲ್ಲಿ ಗಂಧಕವಿರುವ ಕೆಲವು ವಸ್ತುಗಳಿವೆ. ಹಸಿಯಾಗಿ ಅಗಿದಾಗ ಒಂದು ಕಿಣ್ವ ಅವುಗಳನ್ನು ಒಡೆದು, ಥೈರಾಯ್ಡ್ ಅಯೋಡಿನ್ ಬಳಸುವುದಕ್ಕೆ ಅಡ್ಡಿಯಾಗುವ ರೂಪಕ್ಕೆ ತರುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ನಾವು ಕೋಸನ್ನು ಒಗ್ಗರಣೆ ಹಾಕಿ ಬೇಯಿಸಿ ಪಲ್ಯ ಮಾಡುವವರು. ಅಮೆರಿಕದಲ್ಲಿ 88 ವರ್ಷದ ಒಬ್ಬ ಮಹಿಳೆ ಥೈರಾಯ್ಡ್ ತೀರಾ ಕುಸಿದು ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ್ದು 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆಕೆ ತಿಂಗಳುಗಟ್ಟಲೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಹಸಿ ಚೀನೀ ಕೋಸು ತಿನ್ನುತ್ತಿದ್ದಳು. ವಾರಕ್ಕೆರಡು ಸಲ ಒಂದು ಸೌಟು ಕೋಸಿನ ಪಲ್ಯಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಹಸಿ ಕೋಸಿನ ರಸ ಮಾತ್ರ ದಿನಾ ಕುಡಿಯಬೇಡ.

ತಂಗಿ: ನಮ್ಮ ಕಳಲೆಯ ಬಗ್ಗೆಯೂ ಹೆದರಿಸಿದ್ದಾರೆ. ಮಳೆಗಾಲದಲ್ಲಿ ಕಳಲೆ ಪಲ್ಯ, ಕಳಲೆ ಉಪ್ಪಿನಕಾಯಿ ಇಲ್ಲದೆ ನನಗೆ ಆಗುವುದಿಲ್ಲ.

ಅಕ್ಕ: ಅಮ್ಮ ಹೇಗೆ ಮಾಡುತ್ತಿದ್ದಳು, ನೀನೇ ಹೇಳು.

ತಂಗಿ: ಬಿದಿರಿನ ಮೊಳಕೆ ತಂದು ಹೊರಗಿನ ಒರಟು ಪದರ ಸುಲಿದು, ಒಳಗಿನ ಬಿಳಿ ತಿರುಳನ್ನು ಬಿಲ್ಲೆ ಬಿಲ್ಲೆ ಹೆಚ್ಚಿ ನೀರಿಗೆ ಹಾಕುತ್ತಿದ್ದಳು. ಮೂರು ದಿನ. ದಿನಾ ಬೆಳಗ್ಗೆ ಹಳೆಯ ನೀರು ಚೆಲ್ಲಿ ಹೊಸ ನೀರು. ಎರಡನೆಯ ದಿನದ ನೀರು ಎಂಥಾ ಘಾಟು ಅಂದರೆ ಹಿತ್ತಿಲಲ್ಲಿ ದನ ಮೂಸುವ ಜಾಗಕ್ಕೂ ಚೆಲ್ಲಲು ಬಿಡುತ್ತಿರಲಿಲ್ಲ. ಆಮೇಲೆ ಬೇಯಿಸಿ, ಆ ನೀರನ್ನೂ ಬಸಿದು, ಮತ್ತೆ ಪಲ್ಯ.

ಅಕ್ಕ: ಅವಳು ಚೆಲ್ಲುತ್ತಿದ್ದುದು ಸಯನೈಡನ್ನು. ಹಸಿ ಕಳಲೆಯಲ್ಲಿ, ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ಅದು ನಮ್ಮ ದೇಹದಲ್ಲಿ ಥಯೋಸಯನೇಟ್ ಆಗಿ ಅಯೋಡಿನ್ ಥೈರಾಯ್ಡಿನ ಒಳಗೆ ಹೋಗುವುದನ್ನು ತಡೆಯುತ್ತದೆ. ಹೆಚ್ಚಿ, ನೆನೆಸಿ, ನೀರು ಬದಲಿಸಿ, ಬೇಯಿಸಿ ಬಸಿದರೆ ಅದರ ಬಹುಪಾಲು ಹೋಗುತ್ತದೆ. ಪ್ರಯೋಗಾಲಯವಿಲ್ಲದೆ ನಮ್ಮ ಹಿರಿಯ ಹೆಂಗಸರು ಕಂಡುಕೊಂಡ ವಿದ್ಯೆ ಅದು. ಈಗ ಆತುರಕ್ಕೆ ಒಂದು ರಾತ್ರಿ ನೆನೆಸಿ ಮುಗಿಸುವವರಿದ್ದಾರೆ, ಅದು ತಪ್ಪು. ಅಮ್ಮನ ಹಾಗೆ ಮಾಡು, ನೆಮ್ಮದಿಯಾಗಿ ತಿನ್ನು. ಹಾಗೆಯೇ ಸಿಗರೇಟಿನ ಹೊಗೆಯಲ್ಲೂ ಸಯನೈಡ್ ಇದೆ, ಸೇದುವವರ ರಕ್ತದಲ್ಲಿ ಇದೇ ಥಯೋಸಯನೇಟ್ ಏರುತ್ತದೆ. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯವರಿಗೆ ಕಣ್ಣು ಮುಂದೆ ಚಾಚುವ ತೊಂದರೆ ಸಿಗರೇಟಿನಿಂದ ಬಲವಾಗುತ್ತದೆ. ಬಿಡಬೇಕಾದ ಪಟ್ಟಿ ಬರೆಯುವುದಾದರೆ ಮೊದಲ ಸಾಲಿನಲ್ಲಿ ಅದನ್ನು ಬರೆಯಬೇಕು.

ತಂಗಿ: ಸಜ್ಜೆ? ನಮ್ಮ ಪಕ್ಕದ ಮನೆಯವರು ಕೊಪ್ಪಳದವರು. ಸಜ್ಜೆ ರೊಟ್ಟಿ ಇಲ್ಲದೆ ಅವರ ಚಳಿಗಾಲ ಕಳೆಯುವುದಿಲ್ಲ.

ಅಕ್ಕ: ಸಜ್ಜೆಯ ಕಥೆ ಸ್ವಲ್ಪ ಬೇರೆ. ಅದರಲ್ಲಿರುವ ಅಡ್ಡಿ ಮಾಡುವ ವಸ್ತುಗಳು ಬೇಯಿಸಿದರೂ ಹೋಗುವುದಿಲ್ಲ. ಸುಡಾನಿನ ದಾರ್ಫುರ್‌ನಲ್ಲಿ ಸಜ್ಜೆಯೇ ಮುಖ್ಯ ಆಹಾರ, ಅಯೋಡಿನ್ನೂ ಕಡಿಮೆ, ಅಲ್ಲಿ ಗಳಗಂಡ ವ್ಯಾಪಕವಾಗಿತ್ತು. 1980ರ ದಶಕದಲ್ಲಿ ವಿಜ್ಞಾನಿಗಳು ಅದನ್ನು ಪರಿಶೀಲಿಸಿದರು. ನಮ್ಮ ಉತ್ತರ ಕರ್ನಾಟಕದ ತಟ್ಟೆಯಲ್ಲಿ ಜೋಳವಿದೆ, ಕಾಳು ಪಲ್ಯವಿದೆ, ಮೊಸರಿದೆ, ಅಯೋಡಿನ್ ಉಪ್ಪಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಅವರು ಬಿಡಬೇಕಿಲ್ಲ. ಸಿರಿಧಾನ್ಯದ ಹೆಸರಲ್ಲಿ ಮೂರು ಹೊತ್ತೂ ಸಜ್ಜೆಯನ್ನೇ ತಿನ್ನುವುದು ಬೇಡ ಅಷ್ಟೆ. ಗೋಧಿ ಬಿಡುವುದು ಸೀಲಿಯಾಕ್ ಕಾಯಿಲೆ ಇದ್ದವರಿಗೆ. ಅದೂ ದೇಹ ತನ್ನ ಮೇಲೇ ಬೀಳುವ ಕಾಯಿಲೆ, ಹಶಿಮೊಟೊ ಇರುವವರಲ್ಲಿ ಸ್ವಲ್ಪ ಹೆಚ್ಚು ಕಾಣುತ್ತದೆ. ಪರೀಕ್ಷೆ ಮಾಡಿಸಿ ಅದು ಇಲ್ಲವೆಂದರೆ ಚಪಾತಿ ತಿನ್ನಬಹುದು.

ತಂಗಿ: ಬಿಡುವುದು ಇಷ್ಟು ಕಡಿಮೆಯಾದರೆ ಸೇರಿಸುವುದು ಏನು?

ಅಕ್ಕ: ಕಬ್ಬಿಣ. ಇದನ್ನು ಯಾರೂ ಥೈರಾಯ್ಡಿನ ಜೊತೆ ಜೋಡಿಸಿ ಹೇಳುವುದಿಲ್ಲ, ನನಗೋ ಇದೇ ಮುಖ್ಯ. ಅಯೋಡಿನ್ನನ್ನು ಹಾರ್ಮೋನಿಗೆ ಕೂಡಿಸುವ ಕಿಣ್ವವೇ ಟಿಪಿಒ, ಅದು ಕೆಲಸ ಮಾಡಲು ಕಬ್ಬಿಣ ಬೇಕು. ರಕ್ತಹೀನತೆ ಇರುವ ಮಕ್ಕಳಿಗೆ ಅಯೋಡಿನ್ ಕೊಟ್ಟರೂ ಗಳಗಂಡ ಸರಿಯಾಗಿ ಇಳಿಯುವುದಿಲ್ಲ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ರಕ್ತಹೀನರು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದರ ಮೇಲೆ ಥೈರಾಯ್ಡ್ ಕೊರತೆಯಾದರೆ ಮುಟ್ಟಿನ ರಕ್ತಸ್ರಾವ ಹೆಚ್ಚುತ್ತದೆ, ರಕ್ತ ಇನ್ನೂ ಇಳಿಯುತ್ತದೆ. ಒಂದು ಇನ್ನೊಂದನ್ನು ಎಳೆದು ಬೀಳಿಸುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಅನ್ನ, ತಳದ ಸಾರಿನಲ್ಲಿ ಊಟ ಮುಗಿಸುವ ಹೆಂಗಸಿಗೆ ಮೂವತ್ತು ವರ್ಷ ಅದೇ ಅಭ್ಯಾಸ. ಅವಳ ಪಾಲಿಗೆ ಕಾಳು, ಸೊಪ್ಪು, ಮೊಟ್ಟೆ, ಮಾಂಸ ಬರುವುದು ಮಿಕ್ಕರೆ ಮಾತ್ರ. ಥೈರಾಯ್ಡಿಗೆ ಯಾವ ಪಥ್ಯ ಎಂದು ಕೇಳುವ ಗಂಡಂದಿರಿಗೆ ನಾನು ಹೇಳುವುದಿಷ್ಟೇ: ಅವಳು ಎಲ್ಲರ ಜೊತೆ ಕೂತು ಬಿಸಿಬಿಸಿ ಉಣ್ಣಲಿ.

ತಂಗಿ: ನಮ್ಮನೆಯಲ್ಲೂ ನಾನು ಕೊನೆಗೇ ಉಣ್ಣುವುದು.

ಅಕ್ಕ: ಗೊತ್ತು. ಹುರುಳಿ, ಅಲಸಂದೆ, ಹೆಸರುಕಾಳು, ನುಗ್ಗೆಸೊಪ್ಪು, ಹರಿವೆ ಯಾವುದಾದರೂ ಇರಲಿ, ಮೇಲೆ ನಿಂಬೆರಸ ಹಿಂಡು. ಅದರ ಸಿ ಜೀವಸತ್ವದಿಂದ ಕಬ್ಬಿಣ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದೇ ಕಬ್ಬಿಣ ನಷ್ಟ.

ತಂಗಿ: ಸೆಲೆನಿಯಂ ಅಂತಲೂ ಹೇಳಿದರು. ಬ್ರೆಜಿಲ್ ಬೀಜ ದಿನಾ ಒಂದು ಹಿಡಿ.

ಅಕ್ಕ: ಒಂದು ಹಿಡಿಯೇ? ಒಂದೇ ಬೀಜದಲ್ಲಿ ದಿನದ ಅಗತ್ಯಕ್ಕಿಂತ ಹೆಚ್ಚು ಸೆಲೆನಿಯಂ ಇರಬಹುದು. ಟಿ4ನ್ನು ಟಿ3 ಮಾಡುವ ಕಿಣ್ವಗಳಿಗೆ ಸೆಲೆನಿಯಂ ಬೇಕು, ನಿಜ. ಆದರೆ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ. ಮೊಟ್ಟೆ, ಮೀನು, ಬೇಳೆಕಾಳು ತಿನ್ನುವವಳಿಗೆ ದುಬಾರಿ ಬೀಜ ಬೇಕಿಲ್ಲ. ಅಶ್ವಗಂಧದ ವಿಷಯದಲ್ಲೂ ಎಚ್ಚರ. ಅದು ಹಾರ್ಮೋನನ್ನು ಏರಿಸಬಲ್ಲದು, ಅದನ್ನು ತೆಗೆದುಕೊಂಡು ಎದೆ ಬಡಿತ ಹೆಚ್ಚಿ ಬಂದವರ ವರದಿಗಳಿವೆ. ಗಿಡಮೂಲಿಕೆ ಎಂದು ವೈದ್ಯರಿಗೆ ಹೇಳದೆ ನುಂಗಬೇಡ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದೀಯಾ?

ತಂಗಿ: ಹೌದು, ಅದಕ್ಕೇನು?

ಅಕ್ಕ: ರಕ್ತಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸು. ಎಷ್ಟೋ ಪ್ರಯೋಗಾಲಯಗಳ ಥೈರಾಯ್ಡ್ ಪರೀಕ್ಷೆಯಲ್ಲಿ ಬಯೋಟಿನ್ ಸೇರಿಕೊಂಡು ಸುಳ್ಳು ಸಂಖ್ಯೆ ಬರುತ್ತದೆ.

ತಂಗಿ: ಇನ್ನು ಮಾತ್ರೆ. ಖಾಲಿ ಹೊಟ್ಟೆ, ನೀರಿನಲ್ಲಿ, ಆಮೇಲೆ ಒಂದು ಗಂಟೆ ಏನೂ ಇಲ್ಲ ಅಂತ ಡಾಕ್ಟರು ಒಂದೇ ಉಸಿರಿನಲ್ಲಿ ಹೇಳಿ ಕಳಿಸಿದರು. ಒಂದು ಗಂಟೆ ಎಲ್ಲಿಂದ ತರಲಿ? ಐದೂವರೆಗೆ ಎದ್ದು ಡಿಕಾಕ್ಷನ್ ಇಳಿಸಿ, ಎಲ್ಲರಿಗೂ ಕಾಫಿ ಕೊಟ್ಟು, ನಾನೂ ನಿಂತಲ್ಲೇ ಅರ್ಧ ಲೋಟ ಕುಡಿದರೇ ನನ್ನ ಕೈಕಾಲು ಆಡುವುದು. ನಿಮ್ಮ ವೈದ್ಯಕೀಯ ಪುಸ್ತಕ ಬರೆದವರು ಅಡುಗೆಮನೆಯಲ್ಲಿ ಬೆಳಗು ಕಳೆದವರಲ್ಲ.

ಅಕ್ಕ: ಆ ಮಾತು ಒಪ್ಪುತ್ತೇನೆ. ಕೆಲವರ ಡೋಸ್ ಏರಿಸುತ್ತಲೇ ಹೋಗುತ್ತೇವೆ, ಟಿಎಸ್‌ಎಚ್ ಇಳಿಯುವುದಿಲ್ಲ. ಬೆಳಗ್ಗೆ ಏನು ಮಾಡುತ್ತೀರಿ ಎಂದು ನಿಧಾನವಾಗಿ ಕೇಳಿದರೆ ಮಾತ್ರೆ ನುಂಗುವುದೇ ಕಾಫಿಯಲ್ಲಿ. ಇಟಲಿಯ ವೈದ್ಯರು ಇದನ್ನೇ ಗಮನಿಸಿ 2008ರಲ್ಲಿ ಬರೆದರು: ಅಲ್ಲಿನ ಗಟ್ಟಿ ಕಾಫಿಯ ಜೊತೆ ನುಂಗಿದಾಗ ಔಷಧವನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಮ್ಮ ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ಜೊತೆ ಹಾಲೂ ಇದೆ, ಹಾಲಿನ ಕ್ಯಾಲ್ಸಿಯಂ ಕೂಡ ಔಷಧವನ್ನು ಹಿಡಿದುಕೊಳ್ಳುತ್ತದೆ. ರಾಗಿ ಅಂಬಲಿಯದೂ ಅದೇ ತಕರಾರು, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನ ಆಸುಪಾಸು ಕ್ಯಾಲ್ಸಿಯಂ ಇದೆ. ರಾಗಿ ಕೆಟ್ಟದ್ದಲ್ಲ, ನಿನ್ನ ಮೂಳೆಗೆ ಅದು ಬೇಕೇ ಬೇಕು. ಮಾತ್ರೆಯ ಹಿಂದೆಯೇ ಹೋಗಬಾರದು ಅಷ್ಟೆ. ಕಾಫಿಗೆ ಕನಿಷ್ಠ ಅರ್ಧ ಗಂಟೆ, ಒಂದು ಗಂಟೆಯಾದರೆ ಉತ್ತಮ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ, ಅವನ್ನು ಮಧ್ಯಾಹ್ನ ಊಟದ ಹೊತ್ತಿಗೆ ತೆಗೆದುಕೋ.

ತಂಗಿ: ಅರ್ಧ ಗಂಟೆಯೂ ಆಗದ ದಿನಗಳಿರುತ್ತವೆ.

ಅಕ್ಕ: ಹಾಗಿದ್ದರೆ ರಾತ್ರಿ ತೆಗೆದುಕೋ. ಊಟವಾಗಿ ಮೂರು ಗಂಟೆ ಕಳೆದು ಮಲಗುವ ಹೊತ್ತಿಗೆ, ನೀರಿನಲ್ಲಿ. ನೆದರ್ಲೆಂಡ್ಸ್‌ನಲ್ಲಿ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು, ಬೆಳಗಿನ ಮಾತ್ರೆಗಿಂತ ರಾತ್ರಿಯದು ಚೆನ್ನಾಗಿಯೇ ಕೆಲಸ ಮಾಡಿತು. ನಿನ್ನ ಡಾಕ್ಟರಿಗೆ ಹೇಳಿ ಹಾಗೆ ಬದಲಿಸಿಕೋ. ಮುಖ್ಯ ಏನೆಂದರೆ ದಿನಾ ಒಂದೇ ರೀತಿ ಇರಬೇಕು, ಒಂದು ದಿನ ಕಾಫಿಯ ಜೊತೆ, ಒಂದು ದಿನ ಖಾಲಿ ಹೊಟ್ಟೆ ಆಗಬಾರದು. ಮಾತ್ರೆಯ ಸೀಸೆಯನ್ನು ಒಲೆಯ ಮೇಲಿನ ಗೂಡಿನಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡ. ಈ ಔಷಧ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಆದ್ದರಿಂದ ಇವತ್ತು ನುಂಗಿ ನಾಳೆ ಉಲ್ಲಾಸ ಬರುವುದಿಲ್ಲ. ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತ ಕೊಡು, ಡೋಸ್ ಆಗ ಸರಿಮಾಡುತ್ತಾರೆ. ಜೀವನಪೂರ್ತಿ ಎಂದು ಹೆದರಬೇಡ. ಗ್ರಂಥಿ ಮಾಡಬೇಕಿದ್ದ ಹಾರ್ಮೋನನ್ನೇ ಹೊರಗಿನಿಂದ ಕೊಡುತ್ತಿದ್ದೇವೆ, ಪ್ರಮಾಣ ಸರಿಯಿದ್ದರೆ ಅದರಿಂದ ಕೆಡುಕಿಲ್ಲ.

ತಂಗಿ: ತೂಕ ಇಳಿಯುತ್ತದಲ್ಲ? ವರ್ಷದಲ್ಲಿ ಹನ್ನೆರಡು ಕಿಲೋ ಏರಿದ್ದೇನೆ.

ಅಕ್ಕ: ಸ್ವಲ್ಪ ಇಳಿಯುತ್ತದೆ. ಥೈರಾಯ್ಡ್ ಕೊರತೆಯಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ನೀರು, ಉಪ್ಪು. ಉಳಿದದ್ದು ಊಟದ, ನಿದ್ದೆಯ, ಓಡಾಟದ ಲೆಕ್ಕ. ತೂಕಕ್ಕಾಗಿ ಡೋಸ್ ಹೆಚ್ಚಿಸಿಕೊಂಡರೆ ಹೃದಯ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮೊದಲ ತಿಂಗಳು ಹತ್ತು ನಿಮಿಷ ನಡೆ ಸಾಕು, ಸ್ನಾಯುಗಳು ನೋಯುತ್ತಿರುತ್ತವೆ. ಹಾರ್ಮೋನು ಏರಿದ ಹಾಗೆ ಹೆಚ್ಚಿಸು, ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸು. ಯೋಗ ಮಾಡು, ಮೈಮನಸ್ಸಿಗೆ ಹಿತ. ಸರ್ವಾಂಗಾಸನದಿಂದ ಥೈರಾಯ್ಡ್ ಗುಣವಾಗುತ್ತದೆ ಎಂದು ಹೇಳಿ ಮಾತ್ರೆ ಬಿಡಿಸುವವರ ಮಾತು ಮಾತ್ರ ಕೇಳಬೇಡ. ಟಿಎಸ್‌ಎಚ್ ಸರಿಯಾದ ಮೇಲೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಬಿ12, ಡಿ ಜೀವಸತ್ವ ನೋಡಬೇಕು. ನಿದ್ದೆಯಲ್ಲಿ ಗೊರಕೆ, ಉಸಿರು ಕಟ್ಟುವುದು ಇದೆಯೇ ಎಂದು ಕೇಳಬೇಕು, ಮನಸ್ಸು ಕುಗ್ಗಿದೆಯೇ ಎಂದೂ ಕೇಳಬೇಕು.

ತಂಗಿ: ಅತ್ತೆಯವರದೂ ಪರೀಕ್ಷೆ ಮಾಡಿಸಿದೆವು, ಟಿಎಸ್‌ಎಚ್ ಆರು ಬಂದಿದೆ. ಎಪ್ಪತ್ತನಾಲ್ಕು ವರ್ಷ. ಅವರಿಗೂ ನನ್ನ ಮಾತ್ರೆಯಲ್ಲೇ ಅರ್ಧ ಕೊಡಲಾ?

ಅಕ್ಕ: ಬೇಡ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. ಟಿ4 ಸರಿಯಿದ್ದು ಟಿಎಸ್‌ಎಚ್ ತುಸು ಹೆಚ್ಚಿರುವ, 65 ದಾಟಿದವರಿಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2017ರಲ್ಲಿ ಬಂತು, ಅವರ ಸುಸ್ತು ಮಾತ್ರೆಯಿಂದ ಕಡಿಮೆಯಾಗಲಿಲ್ಲ. ಅತ್ತೆಯ ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ನಿರ್ಧರಿಸಲಿ. ಒಬ್ಬರ ಮಾತ್ರೆ ಇನ್ನೊಬ್ಬರಿಗಲ್ಲ.

ತಂಗಿ: ಕೊನೆಯದೊಂದು. ಊರಲ್ಲಿ ತಮ್ಮನ ಹೆಂಡತಿ ಹೋದ ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಈಗ ಎರಡು ತಿಂಗಳು. ಬಸುರಿನಲ್ಲಿ ಇಂಗ್ಲಿಷ್ ಔಷಧ ಬೇಡ ಅಂತ ಯಾರೋ ಹೇಳಿ ನಿಲ್ಲಿಸಿದ್ದಾಳಂತೆ. ಅವರ ಮನೆಯಲ್ಲೂ ಕಲ್ಲುಪ್ಪೇ.

ಅಕ್ಕ: ಇದನ್ನು ಮೊದಲೇ ಹೇಳಬಾರದಿತ್ತೇ? ಫೋನ್ ಮಾಡು, ಈಗಲೇ. ಮಗುವಿನ ಥೈರಾಯ್ಡ್ ಹಾರ್ಮೋನು ತಯಾರಿಸಲು ತೊಡಗುವುದೇ ಸುಮಾರು ಹನ್ನೆರಡನೆಯ ವಾರದಿಂದ, ಪೂರ್ತಿ ಕೆಲಸಕ್ಕೆ ಬರಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಅದರ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಬಸುರಿನಲ್ಲಿ ಈ ಮಾತ್ರೆ ಬಿಡುವ ಮಾತೇ ಇಲ್ಲ, ಸಾಮಾನ್ಯವಾಗಿ ಕಾಲು ಭಾಗದಷ್ಟು ಡೋಸ್ ಹೆಚ್ಚೇ ಬೇಕಾಗುತ್ತದೆ. ಮೊದಲು ತೆಗೆದುಕೊಳ್ಳುತ್ತಿದ್ದಷ್ಟನ್ನು ಇವತ್ತೇ ಮತ್ತೆ ಶುರು ಮಾಡಲಿ, ನಾಳೆ ಬೆಳಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಟಿಎಸ್‌ಎಚ್ ಮಾಡಿಸಿ ಡೋಸ್ ಎಷ್ಟೆಂದು ಕೇಳಲಿ. ಅಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡದೆ ನುಂಗಲಿ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರವಿಟ್ಟು. ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೆಂದು ತಮ್ಮನಿಗೆ ಈಗಲೇ ಹೇಳಿಡು. ಸಂತೆಗೆ ಹೋದಾಗ ಅಯೋಡಿನ್ ಉಪ್ಪಿನ ಪೊಟ್ಟಣ ತರಲಿ. ಕಲ್ಲುಪ್ಪನ್ನು ಉಪ್ಪಿನಕಾಯಿಗೆ ಬೇಕಾದರೆ ಇಟ್ಟುಕೊಳ್ಳಲಿ, ಅವಳ ದಿನದ ಅಡುಗೆಗೆ ಬೇಡ.